ಹ್ಯಾಂಡಲಿನ ಎತ್ತರ, ಸವಾರನ ಬೆನ್ನು

ಕ್ರೂಸರ್ ಎಂದು ಕರೆಯಲಾಗುವ ಮೋಟಾರ್ ಸೈಕಲ್ಲಿನಲ್ಲಿ ಸೀಟು ತಗ್ಗಾಗಿರುತ್ತದೆ, ಕಾಲಿಡುವ ಫುಟ್‌ರೆಸ್ಟುಗಳು ಸೊಂಟದ ನೇರಕ್ಕೆ ಇರದೆ ಮುಂದಕ್ಕೆ ಸರಿದಿರುತ್ತವೆ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ಉಳಿದ ಬೈಕುಗಳಿಗಿಂತ ಹೆಚ್ಚು ಓರೆಯಾಗಿ ಚಾಚಿಕೊಂಡಿರುತ್ತದೆ. ಈ ರಚನೆಯಿಂದಾಗಿ ಸವಾರನ ಮೈಭಾರ ಕೈಗಳಿಗೂ ಪಾದಗಳಿಗೂ ಹಂಚಿಹೋಗದೆ ಬಹುಮಟ್ಟಿಗೆ ಕುಳಿತ ಜಾಗದ ಮೇಲೆಯೇ ಬೀಳುತ್ತದೆ. ಕಾಲು ಮುಂದೆ ಚಾಚಿದಷ್ಟೂ ಸೊಂಟ ಹಿಂದಕ್ಕೆ ಮಗುಚಿ, ಬೆನ್ನಿನ ಕೆಳಭಾಗದ ಸಹಜವಾದ ಒಳಬಾಗು ಅಳಿಸಿಹೋಗಿ, ಬೆನ್ನು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ. ಸೀಟು, ಫುಟ್‌ರೆಸ್ಟು, ಹ್ಯಾಂಡಲು ಎಂಬ ಮೂರು ಬಿಂದುಗಳನ್ನು ಸೇರಿಸಿದರೆ ದೊರೆಯುವ ತ್ರಿಕೋನವೇ ಸವಾರನ ಸುಖ ಅಥವಾ ನೋವನ್ನು ನಿರ್ಧರಿಸುತ್ತದೆ ಎಂಬುದು ವಾಹನ ವಿನ್ಯಾಸಕಾರರ ಮೊದಲ ಪಾಠ. ಈ ಮೂರರಲ್ಲಿ ಮೊದಲಿನ ಎರಡು ಚಾಸಿಯ ರಚನೆಗೇ ಅಂಟಿಕೊಂಡಿರುವುದರಿಂದ ಅವುಗಳನ್ನು ಬದಲಿಸುವುದು ಕಷ್ಟ. ಮೂರನೆಯದು ಮಾತ್ರ ನಾಲ್ಕು ಬೋಲ್ಟುಗಳ ಮೇಲೆ ನಿಂತಿರುತ್ತದೆ. ಆ ಬೋಲ್ಟುಗಳ ಕೆಳಗೆ ಕೂರಿಸಿ ಹ್ಯಾಂಡಲನ್ನು ಮೇಲೆತ್ತುವ ಲೋಹದ ತುಂಡಿಗೆ ಗ್ಯಾರೇಜುಗಳಲ್ಲಿ ರೈಸರ್ ಎಂದು ಹೆಸರು.

ಈ ಬಗೆಯ ವಾಹನ ಹುಟ್ಟಿದ್ದು ಅಮೆರಿಕದ ಉದ್ದುದ್ದ ನೇರ ರಸ್ತೆಗಳಿಗಾಗಿ. 1901ರಲ್ಲಿ ಆರಂಭವಾದ ಇಂಡಿಯನ್, 1903ರಲ್ಲಿ ಆರಂಭವಾದ ಹಾರ್ಲೆ-ಡೇವಿಡ್ಸನ್ ಕಂಪನಿಗಳು ರೂಢಿಗೆ ತಂದ ಕುಳಿತುಕೊಳ್ಳುವ ಭಂಗಿ ಭಾರತಕ್ಕೆ ತಡವಾಗಿ ಬಂದಿತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ ಮತ್ತು ಯೆಜ್ಡಿಗಳ ಮೇಲೆ ಕರ್ನಾಟಕದ ಎರಡು ತಲೆಮಾರು ನೆಟ್ಟಗೆ ಕುಳಿತು ಓಡಾಡಿತ್ತು. ಆ ಬೈಕುಗಳಲ್ಲಿ ಪಾದ ಮಂಡಿಯ ಕೆಳಗೇ ಇರುತ್ತಿತ್ತು. 2002ರಲ್ಲಿ ರಾಯಲ್ ಎನ್‌ಫೀಲ್ಡಿನ ಥಂಡರ್‌ಬರ್ಡ್, 2005ರಲ್ಲಿ ಬಜಾಜ್ ಅವೆಂಜರ್ ಬಂದ ಮೇಲೆ ಕ್ರೂಸರ್ ಎಂಬುದು ಸಾಮಾನ್ಯ ನೌಕರನ ಕೈಗೂ ಎಟುಕಿತು. ಇದೇ ಬಜಾಜ್ 2015ರಲ್ಲಿ ಅವೆಂಜರನ್ನು ಕ್ರೂಸ್ ಮತ್ತು ಸ್ಟ್ರೀಟ್ ಎಂದು ಎರಡಾಗಿ ಮಾರಾಟಕ್ಕಿಟ್ಟಿತು: ಒಂದಕ್ಕೆ ಎತ್ತರಕ್ಕೆದ್ದು ಹಿಂದಕ್ಕೆ ಬಾಗಿದ ಹ್ಯಾಂಡಲ್, ಇನ್ನೊಂದಕ್ಕೆ ತಗ್ಗಿನ ಚಪ್ಪಟೆ ಹ್ಯಾಂಡಲ್. 2018ರಲ್ಲಿ ಥಂಡರ್‌ಬರ್ಡ್ ಎಕ್ಸ್ ಬಂದಾಗಲೂ ಮುಖ್ಯ ವ್ಯತ್ಯಾಸಗಳಲ್ಲಿ ಒಂದು ಹ್ಯಾಂಡಲೇ ಆಗಿತ್ತು. ಒಂದೇ ಚಾಸಿಗೆ ಎರಡು ಎತ್ತರಗಳಲ್ಲಿ ಹ್ಯಾಂಡಲ್ ಕೂರಿಸಬಹುದೆಂದು ತಯಾರಕರೇ ತೋರಿಸಿಕೊಟ್ಟ ಮೇಲೆ, ಸವಾರನು ತನ್ನ ಮೈಗೆ ಹೊಂದುವ ಮೂರನೆಯ ಎತ್ತರವನ್ನು ಹುಡುಕಿಕೊಳ್ಳುವುದರಲ್ಲಿ ಅಸಹಜವಾದುದೇನೂ ಇಲ್ಲ. ಬೈಕನ್ನು ಮೈಗೆ ಹೊಂದಿಸಿಕೊಳ್ಳುವುದನ್ನು ಕೇವಲ ಶೋಕಿಯೆಂದು ತಳ್ಳಿಹಾಕುವವರ ಅಭಿಪ್ರಾಯವನ್ನು ಈ ಬರಹ ಒಪ್ಪುವುದಿಲ್ಲ.

ಇಲ್ಲಿ ನೆನೆಯುತ್ತಿರುವ ಅನುಭವ ಬಾರ್ಕೂರಿನದು. ಬ್ರಹ್ಮಾವರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ, ಅಳುಪರ ರಾಜಧಾನಿಯಾಗಿದ್ದು ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಆಡಳಿತ ವಿಭಾಗಕ್ಕೆ ಹೆಸರು ಕೊಟ್ಟ ಈ ಊರು ಇಂದಿಗೂ ಕೇರಿಗಳಾಗಿಯೇ ಹರಡಿಕೊಂಡಿದೆ. ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನದಿಂದ ಕತ್ತಲೆ ಬಸದಿಯ ಕಡೆಗೆ ಹೋಗುವವನು ಅಗಲ ಕಿರಿದಾದ, ತಿರುವು ಹೆಚ್ಚಾದ ರಸ್ತೆಗಳಲ್ಲಿಯೇ ಸಾಗಬೇಕು. ಅಲ್ಲಿಂದ ಹೊರಬಿದ್ದು ಪಡುವಣ ದಿಕ್ಕಿಗೆ ತಿರುಗಿದರೆ ರಾಷ್ಟ್ರೀಯ ಹೆದ್ದಾರಿ 66. ಮೂಡಣಕ್ಕೆ ತಿರುಗಿ ಹೆಬ್ರಿ, ಸೋಮೇಶ್ವರ ದಾಟಿದರೆ ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಹೀಗೆ ಕೇರಿಯ ಒಳದಾರಿ, ಕಡಲ ಬದಿಯ ನೇರ ಹೆದ್ದಾರಿ, ಘಾಟಿ ಎಂಬ ಮೂರು ಬಗೆಯ ರಸ್ತೆಗಳೂ ಒಬ್ಬ ಸವಾರನ ಪಾಲಿಗೆ ಬರುವುದರಿಂದ, ಒಂದು ರಸ್ತೆಗೆ ಹೇಳಿ ಮಾಡಿಸಿದಂತಿರುವ ಭಂಗಿ ಇನ್ನೊಂದರಲ್ಲಿ ಶಿಕ್ಷೆಯಾಗುವುದು ಇಲ್ಲಿಯವರಿಗೆ ಬೇಗನೆ ತಿಳಿಯುತ್ತದೆ.

ಬಾರ್ಕೂರಿನಲ್ಲಿ ನೆಲೆಸಿ ಕುಂದಾಪುರಕ್ಕೆ ದಿನವೂ ಹೋಗಿಬರುತ್ತಿದ್ದ ಈ ಲೇಖಕನು 350 ಸಿಸಿಯ ಕ್ರೂಸರ್ ಒಂದನ್ನು ಕೊಂಡದ್ದು ನಡುವಯಸ್ಸು ದಾಟಿದ ಮೇಲೆ. ಆಳಿನ ಎತ್ತರ ಸರಾಸರಿಗಿಂತ ಹೆಚ್ಚು. ಅದರಲ್ಲಿಯೂ ಕಾಲಿಗಿಂತ ಮುಂಡದ ಉದ್ದ ಹೆಚ್ಚು. ಅಂಥ ಮೈಕಟ್ಟಿನವನು ತಗ್ಗಿನ ಸೀಟಿನಲ್ಲಿ ಕುಳಿತಾಗ ಭುಜ ಮೇಲಕ್ಕೆ ಹೋಗಿ ಹ್ಯಾಂಡಲ್ ಕೆಳಗೆ ಉಳಿಯುತ್ತದೆ, ಅದನ್ನು ಮುಟ್ಟಲು ಭುಜ ಮುಂದಕ್ಕೆ ಜಾರಿ ಮೊಣಕೈ ನೆಟ್ಟಗಾಗುತ್ತದೆ. ಮೊಣಕೈ ಬಾಗಿದ್ದಾಗ ರಸ್ತೆಯ ಹೊಡೆತ ಅಲ್ಲಿಯೇ ಕರಗುತ್ತದೆ, ನೆಟ್ಟಗಿದ್ದಾಗ ಅದು ನೇರವಾಗಿ ಭುಜಕ್ಕೂ ಕತ್ತಿಗೂ ಏರುತ್ತದೆ. ಮೊದಲು ಎರಡು ಭುಜದ ಎಲುಬುಗಳ ನಡುವೆ ಒಂದು ಉರಿ, ಆಮೇಲೆ ಎಡಗೈಯ ಕಿರುಬೆರಳು ಮತ್ತು ಉಂಗುರ ಬೆರಳಿನಲ್ಲಿ ಜೋಮು ಕಾಣಿಸಿಕೊಂಡವು. ಈ ಎರಡು ಬೆರಳುಗಳಿಗೆ ಹೋಗುವ ನರ ಮೊಣಕೈಯ ಒಳಬದಿಯಿಂದ ಬಂದು ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುತ್ತದೆ; ಮಣಿಕಟ್ಟು ಹೊರಕ್ಕೆ ವಾಲಿ ಆ ಅಂಚು ಗ್ರಿಪ್ಪಿನ ಮೇಲೆ ಒತ್ತಿದರೆ ಜೋಮು ಈ ಬೆರಳುಗಳಲ್ಲಿಯೇ ಬರುತ್ತದೆ. ಹೆಬ್ಬೆರಳು, ತೋರುಬೆರಳುಗಳಲ್ಲಿ ಜೋಮು ಬಂದರೆ ಒತ್ತಡ ಬೀಳುತ್ತಿರುವುದು ಮಣಿಕಟ್ಟಿನ ನಡುವಿನ ನರದ ಮೇಲೆ. ಯಾವ ಬೆರಳು ಎಂಬುದನ್ನು ಸವಾರ ಗಮನಿಸಿದರೆ ಹ್ಯಾಂಡಲಿನ ದೋಷ ಎತ್ತರದ್ದೋ ಕೋನದ್ದೋ ಎಂಬುದರ ಅರ್ಧ ಸುಳಿವು ಅಲ್ಲಿಯೇ ಸಿಗುತ್ತದೆ. ಜೋಮು ಬೈಕಿನಿಂದ ಇಳಿದ ಮೇಲೆಯೂ ಉಳಿದರೆ ಹೋಗಬೇಕಾದದ್ದು ಗ್ಯಾರೇಜಿಗಲ್ಲ, ವೈದ್ಯರ ಬಳಿಗೆ.

ಬೈಕನ್ನು ಒಯ್ದು ತೋರಿಸಿದಾಗ ಗ್ಯಾರೇಜಿನ ಮೇಸ್ತ್ರಿ ಮೊದಲು ಮಾಡಿದ ಕೆಲಸ ರೈಸರಿಗೆ ಸಂಬಂಧಿಸಿದ್ದಾಗಿರಲಿಲ್ಲ. ಹ್ಯಾಂಡಲನ್ನು ಹಿಡಿದ ಕ್ಲ್ಯಾಂಪಿನ ಬೋಲ್ಟುಗಳನ್ನು ಸಡಿಲಿಸಿ, ಹ್ಯಾಂಡಲನ್ನು ಅದರ ಅಕ್ಷದಲ್ಲಿಯೇ ಸ್ವಲ್ಪ ಹಿಂದಕ್ಕೂ ಮುಂದಕ್ಕೂ ಹೊರಳಿಸಿ ನೋಡಿದರು. ಹಿಂದಕ್ಕೆ ಹೊರಳಿಸಿದರೆ ಗ್ರಿಪ್ಪು ಹತ್ತಿರ ಬರುತ್ತದೆ, ಆದರೆ ಅದರ ಜೊತೆಗೇ ಕೆಳಕ್ಕೂ ಇಳಿಯುತ್ತದೆ, ಮಣಿಕಟ್ಟು ಇನ್ನಷ್ಟು ವಾಲುತ್ತದೆ. ಬಹಳ ಮಂದಿ ಇಲ್ಲಿಯೇ ನಿಲ್ಲಿಸಿ ನೋವು ಕಡಿಮೆಯಾಗಲಿಲ್ಲವೆಂದು ಬೇಸರಪಡುತ್ತಾರೆ. ಬಳಿಕ ಬೈಕನ್ನು ನೆಟ್ಟಗೆ ನಿಲ್ಲಿಸಿ, ಸವಾರನನ್ನು ಕೂರಿಸಿ, ಕಣ್ಣು ಮುಚ್ಚಿ ಕೈಗಳನ್ನು ಸಡಿಲವಾಗಿ ಇಳಿಬಿಟ್ಟು ಆಮೇಲೆ ಹ್ಯಾಂಡಲ್ ಹಿಡಿಯುವವನಂತೆ ಎತ್ತಲು ಹೇಳಿದರು. ಕೈಗಳು ತಾವಾಗಿಯೇ ಬಂದು ನಿಂತ ಜಾಗಕ್ಕೂ ನಿಜವಾದ ಗ್ರಿಪ್ಪಿಗೂ ಇದ್ದ ಅಂತರವನ್ನು ಕೆಲಸ ಕಲಿಯುತ್ತಿದ್ದ ಹುಡುಗ ಸ್ಟೀಲ್ ಸ್ಕೇಲಿನಿಂದ ಅಳೆದು, ಟ್ಯಾಂಕಿನ ಮೇಲೆ ಅಂಟಿಸಿದ್ದ ಕಾಗದದ ಟೇಪಿನ ಮೇಲೆ ಬಾಲ್‌ಪೆನ್ನಿನಿಂದ ಬರೆದುಕೊಂಡ. ಸವಾರ ಇಳಿದು, ಮತ್ತೆ ಹತ್ತಿ, ಮತ್ತೆ ಕಣ್ಣು ಮುಚ್ಚಬೇಕಾಯಿತು. ಅಳತೆಗಳು ಒಂದಕ್ಕೊಂದು ಹತ್ತಿರ ಬರುವವರೆಗೆ ಮೇಸ್ತ್ರಿ ಬಿಡಲಿಲ್ಲ. ಬಡಗುತಿಟ್ಟಿನ ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಯು ಮುಂಡಾಸನ್ನು ಪ್ರತಿ ರಾತ್ರಿ ತನ್ನ ತಲೆಗೆ ಹೊಂದುವಂತೆ ಹೊಸದಾಗಿ ಕಟ್ಟಿಕೊಳ್ಳುವ ಶ್ರದ್ಧೆಯೇ ಆ ಅಳತೆಯಲ್ಲಿಯೂ ಇತ್ತು. ಬೇಕಾದದ್ದು ಮೂವತ್ತು ಮಿಲಿಮೀಟರಿನ ಆಸುಪಾಸಿನ ಏರಿಕೆ ಎಂದು ತೀರ್ಮಾನವಾಯಿತು. ಪೇಟೆಯಲ್ಲಿ ಐವತ್ತು ಮಿಲಿಮೀಟರಿನ ರೈಸರುಗಳು ಕೂಡ ಸುಲಭವಾಗಿ ದೊರೆಯುತ್ತಿದ್ದರೂ ಅವುಗಳನ್ನು ಅವರು ಕೈಗೆತ್ತಿಕೊಳ್ಳಲೂ ಇಲ್ಲ.

ಏರಿಕೆಯ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ರೈಸರ್ ಕೂರುವುದು ಫೋರ್ಕಿನ ಎರಡು ಕೊಳವೆಗಳನ್ನು ಮೇಲ್ತುದಿಯಲ್ಲಿ ಹಿಡಿದಿರುವ ಪ್ಲೇಟಿನ ಮೇಲೆ. ಆ ಪ್ಲೇಟು ನೆಲಕ್ಕೆ ಸಮಾನಾಂತರವಾಗಿರದೆ ಫೋರ್ಕಿನ ಓರೆಗೆ ತಕ್ಕಂತೆ ಸವಾರನ ಕಡೆಗೆ ವಾಲಿರುತ್ತದೆ. ಆದುದರಿಂದ ಹ್ಯಾಂಡಲು ನೆಟ್ಟಗೆ ಮೇಲಕ್ಕೆ ಹೋಗದೆ ಫೋರ್ಕಿನ ಗೆರೆಯಲ್ಲಿಯೇ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಫೋರ್ಕು ಲಂಬ ರೇಖೆಯಿಂದ 30 ಡಿಗ್ರಿ ಓರೆಯಾಗಿದೆ ಎಂದಿಟ್ಟುಕೊಂಡರೆ, 40 ಮಿಲಿಮೀಟರಿನ ರೈಸರ್ ಹ್ಯಾಂಡಲನ್ನು ಸುಮಾರು 35 ಮಿಲಿಮೀಟರ್ ಮೇಲಕ್ಕೆತ್ತಿ 20 ಮಿಲಿಮೀಟರ್ ಸವಾರನ ಹತ್ತಿರಕ್ಕೆ ತರುತ್ತದೆ. ಕೈ ಎಟುಕದ ಕಷ್ಟಕ್ಕೆ ಹಲವು ಬಾರಿ ಪರಿಹಾರವಾಗುವುದು ಎತ್ತರಕ್ಕಿಂತ ಈ ಹಿಂಸರಿತವೇ. ಇದನ್ನು ಇನ್ನಷ್ಟು ಹೆಚ್ಚಿಸಲೆಂದೇ ಕ್ಲ್ಯಾಂಪನ್ನು ಹಿಂದಕ್ಕೆ ಚಾಚಿ ಮಾಡಿದ ಪುಲ್‌ಬ್ಯಾಕ್ ರೈಸರುಗಳೂ ಇವೆ. ಆದರೆ ಅವುಗಳಿಂದ ಹ್ಯಾಂಡಲ್ ಪೂರ್ತಿ ತಿರುಗಿದಾಗ ಗ್ರಿಪ್ಪು ಟ್ಯಾಂಕಿಗೆ ಹತ್ತಿರವಾಗಿ ಹೆಬ್ಬೆರಳು ಸ್ವಿಚ್ಚಿಗೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಳ್ಳುವ ಸಂಭವವಿರುವುದರಿಂದ, ಕೇರಿಯ ಒಳದಾರಿಗಳಲ್ಲಿ ಬೈಕು ತಿರುಗಿಸಬೇಕಾದವರು ಅದನ್ನು ಮೊದಲೇ ನೋಡಿಕೊಳ್ಳಬೇಕಾಗುತ್ತದೆ.

ಕೊಂಡ ರೈಸರ್ ಸರಿಯಾಗಿಯೇ ಕೂತಿತು. ಕೆಲಸ ನಿಜವಾಗಿ ಶುರುವಾದದ್ದು ಆಮೇಲೆ. ಹ್ಯಾಂಡಲಿನಿಂದ ಕೆಳಕ್ಕೆ ಇಳಿಯುವುದು ಕ್ಲಚ್ ಕೇಬಲು, ಆಕ್ಸಿಲರೇಟರ್ ಕೇಬಲು, ಎರಡು ಬದಿಯ ಸ್ವಿಚ್ಚುಗಳ ವಯರು, ಮುಂದಿನ ಬ್ರೇಕಿನ ಹೋಸು. ಇವೆಲ್ಲವನ್ನೂ ತಯಾರಕರು ಮೂಲ ಹ್ಯಾಂಡಲಿನ ಎತ್ತರಕ್ಕೆ ಲೆಕ್ಕಹಾಕಿ, ಒಂದಿಷ್ಟು ಸಡಿಲ ಬಿಟ್ಟು ಕತ್ತರಿಸಿರುತ್ತಾರೆ. ರೈಸರ್ ತಿನ್ನುವುದು ಆ ಸಡಿಲವನ್ನೇ. ಹ್ಯಾಂಡಲ್ ನೇರವಾಗಿದ್ದಾಗ ಎಲ್ಲವೂ ಸರಿಯಾಗಿಯೇ ಕಾಣಿಸುತ್ತದೆ. ಪೂರ್ತಿ ಬಲಕ್ಕೋ ಪೂರ್ತಿ ಎಡಕ್ಕೋ ತಿರುಗಿಸಿದಾಗ ಮಾತ್ರ ಯಾವ ಎಳೆ ಬಿಗಿಯಿತೆಂದು ಗೊತ್ತಾಗುತ್ತದೆ. ಆದುದರಿಂದ ಎಂಜಿನನ್ನು ಗೇರಿಲ್ಲದೆ ಚಾಲೂ ಮಾಡಿ ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ ನೋಡಬೇಕು: ಎಂಜಿನಿನ ಸದ್ದು ತಾನಾಗಿಯೇ ಏರಿದರೆ ಆಕ್ಸಿಲರೇಟರ್ ಕೇಬಲು ಎಳೆಯುತ್ತಿದೆ ಎಂದು ಅರ್ಥ, ಕ್ಲಚ್ ಲಿವರಿನ ತುದಿಯ ಆಟ ಕಡಿಮೆಯಾದರೆ ಕ್ಲಚ್ ಕೇಬಲು ಬಿಗಿದಿದೆ ಎಂದು ಅರ್ಥ. ಹೆದ್ದಾರಿಯಿಂದ ಯು-ಟರ್ನ್ ಹೊಡೆಯುವಾಗ ಸವಾರ ಬಯಸದೆಯೇ ಬೈಕು ಮುನ್ನುಗ್ಗುವ ಅಪಾಯವನ್ನು ತಪ್ಪಿಸುವುದು ಈ ಸಣ್ಣ ಪರೀಕ್ಷೆಯೇ.

ಕೇಬಲುಗಳನ್ನು ಚಾಸಿಯ ಕ್ಲಿಪ್ಪುಗಳಿಂದ ಬಿಡಿಸಿ ಇನ್ನೊಂದು ದಾರಿಯಲ್ಲಿ ತಂದಾಗ ಅವಕ್ಕೆ ಬೇಕಾದ ಸಡಿಲ ಸಿಕ್ಕಿತು. ವಯರುಗಳನ್ನು ಹೆಡ್‌ಲೈಟಿನ ಹಿಂದೆ ಕಟ್ಟಿದ್ದ ಟೈ ಕತ್ತರಿಸಿ ಒಂದಿಷ್ಟು ಮೇಲಕ್ಕೆ ಎಳೆದುಕೊಂಡದ್ದಾಯಿತು. ಉಳಿದದ್ದು ಬ್ರೇಕ್ ಹೋಸು. ಅದು ಹರಿಯುವಷ್ಟು ಬಿಗಿದಿರಲಿಲ್ಲ. ಪೂರ್ತಿ ಬಲಕ್ಕೆ ತಿರುಗಿಸಿದಾಗ, ಲಿವರ್ ಒತ್ತಿದರೆ ಬ್ರೇಕಿನ ಎಣ್ಣೆಯನ್ನು ದೂಡುವ ಮಾಸ್ಟರ್ ಸಿಲಿಂಡರಿನ ಬಳಿಯ ಬಾಗು ಮಾತ್ರ ನೆಟ್ಟಗಾಗಿ ರಬ್ಬರಿನ ಮೇಲ್ಮೈ ಸ್ವಲ್ಪ ಬಿಳುಪೇರಿತು. ನೋಡಿದವನಿಗೆ ಲೆಕ್ಕಕ್ಕೆ ಬಾರದಷ್ಟು ಸಣ್ಣ ಗುರುತು ಅದು. ಮೇಸ್ತ್ರಿ ಅದರ ಮೇಲೆ ಬೆರಳಿಟ್ಟು, "ಕಾಣಿ ಮಾರಾಯ್ರೆ, ಹ್ಯಾಂಡಲ್ ಎತ್ರ ಮಾಡುಕೆ ಆತ್ತ್, ಹೋಸ್ ಉದ್ದ ಮಾಡುಕೆ ಆತ್ತಿಲ್ಲೆ" ಎಂದು ಹೇಳಿ ಬೋಲ್ಟುಗಳನ್ನು ಮತ್ತೆ ಬಿಚ್ಚಿದರು. ಉದ್ದದ ಹೋಸು ಬರುವವರೆಗೆ ಬೈಕು ಹಳೆಯ ಎತ್ತರದಲ್ಲಿಯೇ ಓಡಿತು. ಆ ನಿರ್ಧಾರವನ್ನು ಈ ಲೇಖಕನು ಇಂದಿಗೂ ಗೌರವದಿಂದ ನೆನೆಯುತ್ತಾನೆ. ಗಿರಾಕಿಯ ಆತುರಕ್ಕೆ ಒಪ್ಪಿಬಿಡುವುದು ಸುಲಭವಾಗಿತ್ತು, ಗಿರಾಕಿ ಅವಸರಪಡಿಸುತ್ತಲೂ ಇದ್ದ.

ಹೋಸು ಬದಲಿಸುವುದು ಹಿಂದಿನ ಕಾಲದಷ್ಟು ಸರಳವಾಗಿ ಉಳಿದಿಲ್ಲ. 125 ಸಿಸಿಗಿಂತ ದೊಡ್ಡ ಎಂಜಿನಿನ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿರುವುದರಿಂದ, ಬ್ರೇಕಿನ ಎಣ್ಣೆ ಹ್ಯಾಂಡಲಿನ ಮಾಸ್ಟರ್ ಸಿಲಿಂಡರಿನಿಂದ ನೇರವಾಗಿ ಚಕ್ರಕ್ಕೆ ಹೋಗದೆ, ಮೊದಲು ಎಬಿಎಸ್ ಘಟಕಕ್ಕೆ ಹೋಗಿ ಅಲ್ಲಿಂದ ಮರಳಿ ಮುಂದಿನ ಚಕ್ರಕ್ಕೆ ಬರುತ್ತದೆ. ಚಕ್ರ ಜಾಮ್ ಆಗದಂತೆ ಬ್ರೇಕಿನ ಒತ್ತಡವನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುವ ವ್ಯವಸ್ಥೆಯೇ ಎಬಿಎಸ್. ಹ್ಯಾಂಡಲ್ ಏರಿದಾಗ ಉದ್ದವಾಗಬೇಕಾದದ್ದು ಮಾಸ್ಟರ್ ಸಿಲಿಂಡರಿನಿಂದ ಘಟಕಕ್ಕೆ ಹೋಗುವ ಭಾಗ ಮಾತ್ರ. ಅದನ್ನು ಬಿಚ್ಚಿದಾಗ ನಡುವೆ ಎಣ್ಣೆ ಸಾಗಲು ತೂತಿರುವ ಬ್ಯಾಂಜೋ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರುಗಳನ್ನು ಹೊಸದಾಗಿ ಹಾಕಬೇಕು, ಒಳಗೆ ಸೇರಿದ ಗಾಳಿಯನ್ನು ಪೂರ್ತಿಯಾಗಿ ಹೊರದೂಡಬೇಕು. ಗಾಳಿ ಎಬಿಎಸ್ ಘಟಕದೊಳಗೆ ಸಿಕ್ಕಿಕೊಂಡರೆ ಕಂಪನಿಯ ಸರ್ವಿಸ್ ಸೆಂಟರಿನ ಉಪಕರಣವಿಲ್ಲದೆ ಅದು ಹೊರಡದಿರಬಹುದು. ಡಾಟ್ 4 ಎಂಬ ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ಕೀಳುವಂಥದ್ದು. ಮಳೆಗಾಲದಲ್ಲಿ ಗೋಡೆಯೇ ಬೆವರುವ ಕರಾವಳಿಯಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿಯ ಎಣ್ಣೆಯನ್ನು ಬಳಸಕೂಡದೆಂಬುದಕ್ಕೆ ಬೇರೆ ಕಾರಣ ಬೇಕಿಲ್ಲ.

ಕಡಲಿನ ಉಪ್ಪುಗಾಳಿಯಿಂದ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ರೈಸರುಗಳು ಸಾಮಾನ್ಯವಾಗಿ ಅಲ್ಯೂಮಿನಿಯಮ್ ಮಿಶ್ರಲೋಹದವು, ಬೋಲ್ಟುಗಳು ಉಕ್ಕಿನವು. ಬೇರೆ ಬೇರೆ ಲೋಹಗಳು ಉಪ್ಪುನೀರಿನ ಪಸೆಯಲ್ಲಿ ಒಂದಕ್ಕೊಂದು ತಗಲಿಕೊಂಡಿದ್ದರೆ ಅವುಗಳ ನಡುವೆ ಸಣ್ಣ ವಿದ್ಯುತ್ ಹರಿದು, ಅಲ್ಯೂಮಿನಿಯಮ್ ಬಿಳಿ ಪುಡಿಯಾಗಿ ಸವೆಯುತ್ತದೆ. ಬೋಲ್ಟಿನ ಮರೆಗಳು, ಅಂದರೆ ತಿರುಪಿನ ಎಳೆಗಳು, ಹಿಡಿದುಕೊಂಡು ಅದನ್ನು ಬಿಚ್ಚಲು ಬಾರದಂತಾಗುತ್ತದೆ. ತುಕ್ಕು ಹಿಡಿಯುವುದಿಲ್ಲವೆಂದು ಯಾವುದೋ ಸ್ಟೇನ್‌ಲೆಸ್ ಬೋಲ್ಟನ್ನು ಹಾಕುವುದೂ ಸರಿಯಲ್ಲ, ಏಕೆಂದರೆ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟಿನ ಬಲ ತಲೆಯ ಮೇಲೆ 8.8 ಎಂದು ಅಚ್ಚೊತ್ತಿದ ಹೈಟೆನ್ಸಿಲ್ ಬೋಲ್ಟಿನ ಬಲಕ್ಕಿಂತ ಕಡಿಮೆ. ಸವಾರನ ಪ್ರಾಣ ನಿಂತಿರುವ ಜಾಗದಲ್ಲಿ ಹೈಟೆನ್ಸಿಲ್ ಬೋಲ್ಟನ್ನೇ ಹಾಕಿ, ಮರೆಗಳಿಗೆ ತೆಳುವಾಗಿ ಗ್ರೀಸು ಸವರಿ, ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ನೋಡುವುದು ಮೇಲು. ರೈಸರಿನ ಎತ್ತರದಷ್ಟೇ ಬೋಲ್ಟಿನ ಉದ್ದವೂ ಹೆಚ್ಚಬೇಕು: ಅಲ್ಯೂಮಿನಿಯಮ್ಮಿನಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಾಲಿನಷ್ಟಾದರೂ ಮರೆ ಕಚ್ಚಿರಬೇಕೆಂಬುದು ಕಸುಬಿನ ಲೆಕ್ಕ, ಅಂದರೆ 8 ಮಿಲಿಮೀಟರಿನ ಬೋಲ್ಟಿಗೆ 12 ಮಿಲಿಮೀಟರ್. ಬಿಗಿತ ಎಷ್ಟಿರಬೇಕೆಂಬುದನ್ನು ಕೈಯಂದಾಜಿಗೆ ಬಿಡದೆ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಗಂಗೊಳ್ಳಿ, ಮಲ್ಪೆಗಳ ದೋಣಿಗಳಿಗೆ ಶಾಫ್ಟು ಕಡೆದುಕೊಡುವ ನುರಿತ ಲೇತ್ ಕೆಲಸಗಾರರು ಈ ಕರಾವಳಿಯಲ್ಲಿ ಇರುವುದರಿಂದ ರೈಸರನ್ನು ಇಲ್ಲಿಯೇ ಕಡೆಸಿಕೊಂಡವರೂ ಉಂಟು. ಅವರ ಕೈಚಳಕದ ಬಗ್ಗೆ ಸಂಶಯವಿಲ್ಲದಿದ್ದರೂ, ಯಾವ ದರ್ಜೆಯದೆಂದು ತಿಳಿಯದ ಗುಜರಿ ಲೋಹದ ತುಂಡನ್ನು ಅವರ ಕೈಗೆ ಕೊಡುವುದು ತಕ್ಕದ್ದಲ್ಲ.

ಉದ್ದದ ಹೋಸು ಬಂದು ಕೆಲಸ ಮುಗಿದ ಮೇಲೆ ಮೊದಲು ಗೊತ್ತಾದ ವ್ಯತ್ಯಾಸ ಕೈಗಳದ್ದಲ್ಲ, ಕತ್ತಿನದು. ಭುಜ ಕೆಳಗಿಳಿದು ಎದೆ ತೆರೆದುಕೊಂಡಾಗ ತಲೆ ತಾನಾಗಿಯೇ ಬೆನ್ನೆಲುಬಿನ ನೇರಕ್ಕೆ ಬಂದು ಕೂತಿತು, ಹೆಲ್ಮೆಟಿನ ತೂಕವನ್ನು ಕತ್ತಿನ ಸ್ನಾಯುಗಳು ಹಿಡಿದು ನಿಲ್ಲಿಸಬೇಕಾದ ಅಗತ್ಯ ತಪ್ಪಿತು. ಬೆರಳಿನ ಜೋಮು ಮೆಲ್ಲಮೆಲ್ಲನೆ ಹಿಂದೆ ಸರಿಯಿತು. ಕನ್ನಡಿಗಳು ಮೇಲೇರಿದ್ದರಿಂದ ಅವುಗಳನ್ನು ಮತ್ತೆ ತಿರುಗಿಸಿಕೊಳ್ಳಬೇಕಾಯಿತು. ಆಗುಂಬೆಯ ತಿರುವುಗಳಲ್ಲಿ ಬೈಕನ್ನು ವಾಲಿಸುವಾಗ ಮೊಣಕೈ ಬಾಗಿದ್ದರಿಂದ ಹಿಡಿತ ಮೃದುವಾಗಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮೈಭಾರ ಅಂಗೈಗೆ ನುಗ್ಗಿಬರುವುದು ಕಡಿಮೆಯಾಯಿತು.

ನಷ್ಟವೂ ಇಲ್ಲದಿಲ್ಲ, ಅದನ್ನು ಮರೆಮಾಚಿದರೆ ಬರಹ ಅಪ್ರಾಮಾಣಿಕವಾಗುತ್ತದೆ. ಮೈ ನೆಟ್ಟಗಾದಷ್ಟೂ ಎದೆ ಗಾಳಿಗೆ ಒಡ್ಡಿಕೊಳ್ಳುತ್ತದೆ. ಸೀತಾನದಿಯ ಮೇಲಿನ ಮಾಬುಕಳ ಸೇತುವೆಯಲ್ಲಿಯೂ, ಒಂದು ಬದಿಗೆ ಕಡಲು ಇನ್ನೊಂದು ಬದಿಗೆ ಸೌಪರ್ಣಿಕೆ ಇರುವ ಮರವಂತೆಯ ಹೆದ್ದಾರಿಯಲ್ಲಿಯೂ ಮುಂಗಾರಿನ ಪಡುಗಾಳಿ ಬೀಸುವಾಗ ಇದು ಎದ್ದು ತಿಳಿಯುತ್ತದೆ; ಗಂಟೆಗೆ 80 ಕಿಲೋಮೀಟರ್ ದಾಟಿದ ಮೇಲೆ ಗಾಳಿಯ ಒತ್ತಡವನ್ನು ತಡೆಯಲು ಸವಾರ ಹ್ಯಾಂಡಲನ್ನು ಜಗ್ಗಿ ಹಿಡಿಯತೊಡಗುತ್ತಾನೆ, ಆಗ ಗಾಳಿಯ ಹೊಡೆತ ಹಿಡಿಕೆಯ ಮೂಲಕ ಮುಂದಿನ ಚಕ್ರಕ್ಕೆ ದಾಟುತ್ತದೆ. ರೈಸರ್ ಎತ್ತರವಾದಷ್ಟೂ ಈ ದೋಷ ಬೆಳೆಯುತ್ತದೆ. ಕೆಲವು ಬೈಕುಗಳಲ್ಲಿ ನಡುಕ ತಡೆಯಲೆಂದು ಕ್ಲ್ಯಾಂಪಿನ ಕೆಳಗೆ ರಬ್ಬರ್ ಬುಷ್ ಇರುವುದರಿಂದ, ಉದ್ದದ ರೈಸರ್ ಅದರ ಮೇಲೆ ಸನ್ನೆಕೋಲಾಗಿ ವರ್ತಿಸಿ ಹ್ಯಾಂಡಲು ಅಲುಗುವ ಅನುಭವವನ್ನೂ ಕೊಡುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಹ್ಯಾಂಡಲಿನ ಎತ್ತರ ಸವಾರನ ಭುಜವನ್ನು ಮೀರಕೂಡದೆಂಬ ಕಾನೂನು ಇರುವುದು ಕಾರಣವಿಲ್ಲದೆ ಅಲ್ಲ.

ಭಾರತದ ಕಾನೂನನ್ನೂ ಇಲ್ಲಿ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆವಾಸವನ್ನೋ ವಿಧಿಸುತ್ತದೆ. ಹ್ಯಾಂಡಲಿನ ಎತ್ತರ ನೋಂದಣಿ ಪತ್ರದಲ್ಲಿ ನಮೂದಾಗುವ ವಿವರವಲ್ಲವಾದರೂ, ಕಾನೂನಿನ ಮಾತು ವಿಶಾಲವಾಗಿರುವುದರಿಂದ, ತಯಾರಕರೇ ಮಾರುವ ಅಥವಾ ಒಪ್ಪುವ ಬಿಡಿಭಾಗವನ್ನು ಹಾಕಿಸಿ ಅದರ ಬಿಲ್ಲನ್ನು ಇಟ್ಟುಕೊಳ್ಳುವುದು, ವಿಮಾ ಕಂಪನಿಗೆ ತಿಳಿಸುವುದು ವಿವೇಕ.

ಇಷ್ಟು ಎಚ್ಚರ ಬೇಕಾಗುವ ಕೆಲಸ ಯಾಕೆ ಎಂದು ಕೇಳುವವರಿದ್ದಾರೆ. ದುಡಿದು ದಣಿದ ಮೈ ದಿನಕ್ಕೆರಡು ಬಾರಿ ಅದೇ ಸೀಟಿನ ಮೇಲೆ ಕೂರಬೇಕಾದಾಗ ಎರಡು ಬೆರಳಿನಷ್ಟು ಎತ್ತರ ಸಣ್ಣ ಸಂಗತಿಯಲ್ಲ. ಬೆನ್ನುನೋವಿಗೆ ಅಂಜಿ ಪ್ರೀತಿಯ ಬೈಕನ್ನು ಮಾರಿಬಿಟ್ಟವರು ಈ ತಾಲೂಕಿನಲ್ಲಿಯೇ ಇದ್ದಾರೆ. ಹ್ಯಾಂಡಲ್ ಎತ್ತರಿಸಬೇಕೆಂದಿರುವವರು ರೈಸರಿಗೆ ಹಣ ಕೊಡುವ ಮೊದಲು ಬೈಕನ್ನು ನೆಟ್ಟಗೆ ನಿಲ್ಲಿಸಿ, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸಿನಲ್ಲಿ ಎಷ್ಟು ಸಡಿಲ ಉಳಿದಿದೆಯೆಂದು ಕಣ್ಣಾರೆ ನೋಡಲಿ. ಸಾಲದೆಂದು ಕಂಡರೆ ಮೊದಲು ಉದ್ದದ ಹೋಸನ್ನೂ ಆಮೇಲೆ ರೈಸರನ್ನೂ ತರಿಸಲಿ.